ಹಸಿರು ಕಾಂಡದ ಸಸಿಗಳು

ನನ್ನ ಅವ್ವನ ಉಡಿ ಬಿಚ್ಚಿಸಿದ ಮನುಷ್ಯ ನನಗೆ ಕುರ್ಚಿ ತಂದು ಹಾಕಿದ. ಬಂದವರಿಗೆಲ್ಲ ಹಾಕುವ ಪ್ಲಾಸ್ಟಿಕ್ ಕುರ್ಚಿಯಲ್ಲ, ತಾನು ಕೂರುವ ತಿರುಗು ಕುರ್ಚಿ. ರಾಣೆಬೆನ್ನೂರಿನ ಹೊರಗೆ ಹೆದ್ದಾರಿಗೆ ಹತ್ತಿದ ಅವನ ಬೀಜದ ಗೋದಾಮಿನಲ್ಲಿ, ಹೆಗಲ ಮೇಲಿನ ಟವೆಲ್ ತೆಗೆದು ಅದರ ಸೀಟು ಝಾಡಿಸಿದ.

"ಕುಂದರ್ರಿ ಮೇಡಮ್ಮಾರ. ಹಾವೇರಿಯಿಂದ ಬಿಸಲಾಗ ಬಂದೀರಿ. ಚಾ ತರಸ್ಲೋ, ಮಜ್ಜಗಿ ತರಸ್ಲೋ?"

"ಏನೂ ಬ್ಯಾಡ್ರಿ. ಚೀಲ ತೋರಸ್ರಿ," ಎಂದೆ.

ಕೂರಲಿಲ್ಲ. ಆ ದಿನ ಸಂಜೆಯವರೆಗೆ ನಿಂತೇ ಕೆಲಸ ಮಾಡಿದೆ. ಕಾಲು ನೋಯುತ್ತಿತ್ತು, ಮನಸ್ಸಿಗೆ ಮಾತ್ರ ಹಬ್ಬವಿತ್ತು. ಹದಿನೆಂಟು ವರ್ಷ ಕಾದಿದ್ದೆ.

ಅವ್ವ ಟೊಮೆಟೊ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಿದ್ದಳು. ನಮ್ಮೂರು ಐರಣಿಯ ಹತ್ತಿರ, ಹೊಳೆಯ ದಂಡೆಗೆ. ಆ ಭಾಗದಲ್ಲಿ ಹೈಬ್ರಿಡ್ ಬೀಜ ಮಾಡುವುದು ಹೆಂಗಸರ ಬೆರಳುಗಳೇ. ಮಧ್ಯಾಹ್ನ ಸಾಲಿನಲ್ಲಿ ಬಗ್ಗಿ ನಡೆಯುತ್ತ, ನಾಳೆ ಅರಳಲಿರುವ ಮೊಗ್ಗನ್ನು ಚಿಮಟಿಗೆಯಿಂದ ಬಿಡಿಸಿ ಒಳಗಿನ ಗಂಡು ಭಾಗವನ್ನು ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬೇರೆ ತಳಿಯ ಪರಾಗದ ಪುಡಿ ಮುಟ್ಟಿಸಬೇಕು. ಮುಟ್ಟಿಸಿದ ಕೂಡಲೇ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಚಿವುಟಬೇಕು. ಅದೇ ಗುರುತು. ಹಣ್ಣಾದ ಮೇಲೂ ತೊಟ್ಟಿನ ಸುತ್ತ ಆ ಎಸಳುಗಳು ಉಳಿಯುತ್ತವೆ. ಎರಡು ಮೊಂಡಾಗಿದ್ದರೆ ಅದು ಕ್ರಾಸ್ ಆದ ಹಣ್ಣು, ಬೀಜಕ್ಕೆ ಹೋಗಬೇಕು. ಐದೂ ಉದ್ದವಿದ್ದರೆ ತನ್ನಷ್ಟಕ್ಕೆ ತಾನೇ ಕಟ್ಟಿದ ಹಣ್ಣು, ಅದರ ಬೀಜ ಕೆಲಸಕ್ಕೆ ಬಾರದು. ಅಂಥವನ್ನು ಹೆಂಗಸರು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದರು, ಸಾರಿಗೆ. ಅದನ್ನು ಯಾರೂ ಕದ್ದು ಮಾಡುತ್ತಿರಲಿಲ್ಲ. ಎಲ್ಲರೂ ಒಯ್ಯುತ್ತಿದ್ದರು, ಎಲ್ಲರಿಗೂ ಗೊತ್ತಿತ್ತು, ನನಗೆ ಕುರ್ಚಿ ಹಾಕಿದ ಈ ಸಾಹುಕಾರನಿಗೂ.

ಆಗ ಅವನು ಆರ್ಗನೈಜರ್. ಅಂದರೆ ದೊಡ್ಡ ಕಂಪನಿಗಳ ಪರವಾಗಿ ಹೊಲ ಹಿಡಿದು, ಹೆಂಗಸರನ್ನು ಕರೆದು, ಬೀಜ ಮಾಡಿಸಿ ಕೊಡುವವ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದ ವರ್ಷ ಕಂಪನಿಯವರು ಅವನ ಬೀಜ ವಾಪಸು ಕಳಿಸಿದರು. ಕಲಬೆರಕೆ ಇದೆ ಎಂದರು. ಅವತ್ತು ರವಿವಾರ, ನಾನೂ ಹೊಲದಲ್ಲಿದ್ದೆ. ಸಾಹುಕಾರ ಬಂದು ಎಲ್ಲರನ್ನೂ ಬದುವಿನ ಮೇಲೆ ಸಾಲಾಗಿ ನಿಲ್ಲಿಸಿದ. ಸಾಲಿನ ನಡುವೆ ನಿಂತಿದ್ದ ಅವ್ವನ ಕಡೆ ಕೈ ಮಾಡಿದ.

"ಬುಟ್ಟಿ ತುಂಬಸಾಕ ಗುರ್ತಿಲ್ಲದ ಹಣ್ಣ ಹಾಕಿದಾಕಿ ಇಕಿನ. ಉಡಿ ಬಿಚ್ಚಲೇ."

ಅವ್ವ ಬಿಚ್ಚಿದಳು. ನಾಲ್ಕು ಟೊಮೆಟೊ ಮಣ್ಣಿಗೆ ಬಿದ್ದವು. ಐದೂ ಎಸಳು ಉದ್ದವಿದ್ದ, ಸಾರಿನ ಟೊಮೆಟೊ.

"ನೋಡ್ರಿ, ಕೈಯಾಗ ಸಿಕ್ಕಾವು," ಎಂದ ಸಾಹುಕಾರ.

ಅವ್ವ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಸಾವ್ಕಾರ್ರ, ನಾ ಹಾಕಿಲ್ರಿ. ಬೀಜ ಹೆಚ್ಚ ಮಾಡಾಕ ನಿಮ್ಮ ಮನಶ್ಯಾರು ಹಣ್ಣಾದ ಮ್ಯಾಲೆ ಎಸಳ ಹರದು ಹಾಕ್ಯಾರ. ಹೂವಿನ್ಯಾಗ ಚಿವುಟಿದ್ದು ಬ್ಯಾರೆ ಇರತೈತಿ, ಹಣ್ಣಿನ್ಯಾಗ ಹರದದ್ದು ಬ್ಯಾರೆ ಇರತೈತಿ. ಬುಟ್ಟಿ ತರಸ್ರಿ, ನಾ ಆರಿಸಿ ತೋರಸ್ತೇನಿ."

"ಇಕಿ ಪಂಡಿತಳು. ಎಲ್ಲಿ ಓದೀಯವಾ, ಕಾಲೇಜಿನ್ಯಾಗ?" ಎಂದ. ಬದುವಿನ ಮೇಲಿದ್ದವರು ನಕ್ಕರು. ಉಡಿಯಲ್ಲಿ ಟೊಮೆಟೊ ಕಟ್ಟಿಕೊಂಡಿದ್ದವರೇ ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಬುಟ್ಟಿ ತರಿಸಲಿಲ್ಲ. ಮರುದಿನದಿಂದ ಆ ಭಾಗದ ಯಾವ ಪ್ಲಾಟಿನವರೂ ಅವ್ವನನ್ನು ಕರೆಯಲಿಲ್ಲ. ನಾವು ಬ್ಯಾಡಗಿಗೆ ಹೋದೆವು. ಅಲ್ಲಿ ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಕುಳಿತಳು. ಹೊಲದಲ್ಲಿ ಹೂವನ್ನು ನೋಯದ ಹಾಗೆ ಹಿಡಿಯುತ್ತಿದ್ದ ಬೆರಳುಗಳು ದಿನವಿಡೀ ಖಾರದಲ್ಲಿ ಉರಿಯುತ್ತಿದ್ದವು. ಮನೆಗೆ ಬಂದು ಮಜ್ಜಿಗೆಯಲ್ಲಿ ಕೈ ಅದ್ದಿ ಕೂರುತ್ತಿದ್ದಳು. ನನ್ನ ತಲೆ ಬಾಚುತ್ತಿರಲಿಲ್ಲ, ಕಣ್ಣಿಗೆ ಖಾರ ಹತ್ತೀತೆಂದು.

ಆ ಕೈಯಿಂದ ನಾನು ಓದಿದೆ. ನಮ್ಮ ಮನೆತನದಲ್ಲಿ ಪದವಿಯ ಮಾತಿರಲಿ, ಹತ್ತನೇ ಇಯತ್ತೆ ದಾಟಿದವರೂ ಇರಲಿಲ್ಲ. ಹಾಸ್ಟೆಲಿನಲ್ಲಿದ್ದು ಕೃಷಿ ಪದವಿ ಮಾಡಿದೆ. ಬೀಜ ವಿಜ್ಞಾನವನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದ ಮೇಷ್ಟ್ರಿಗೆ, ಆಸಕ್ತಿ ಇದೆ ಸರ್, ಅಂದೆ. ನಿಜ ಹೇಳಲಿಲ್ಲ. ಎಸಳು ಚಿವುಟಿದ ಗಾಯ ಹೇಗೆ ಮಾಯುತ್ತದೆ ಎಂದು ಪುಸ್ತಕದಲ್ಲಿ ಹುಡುಕಿದೆ, ಎಲ್ಲಿಯೂ ಇರಲಿಲ್ಲ. ಅದು ಅವ್ವನಂಥವರ ಹೆಬ್ಬೆರಳಿನಲ್ಲಿ ಮಾತ್ರ ಇತ್ತು.

ಈಗ ನಾನು ಸರಕು ತಪಾಸಣೆ ಮಾಡುವ ಒಂದು ಸಂಸ್ಥೆಯ ಹಾವೇರಿ ಕಚೇರಿಯಲ್ಲಿದ್ದೇನೆ. ನಮಗೆ ಬರುವ ಕೆಲಸಗಳಲ್ಲಿ ಒಂದು, ನಮ್ಮ ದೇಶ ಬೇರೆ ದೇಶಗಳಿಗೆ ನೆರವಾಗಿ ಕೊಡುವ ಬೀಜದ ತಪಾಸಣೆ. ನಾವು ಪರದೇಶದಿಂದ ನೆರವು ಪಡೆಯುತ್ತೇವೆಂದು ಎಲ್ಲರೂ ತಿಳಿದಿರುತ್ತಾರೆ, ಕೊಡುತ್ತೇವೆ ಎಂದರೆ ಅವ್ವನಂತೆಯೇ ಹುಬ್ಬೇರಿಸುತ್ತಾರೆ. ಅದು ನಡೆಯುವುದು ಹೀಗೆ. ಪ್ರತಿ ವರ್ಷದ ಬಜೆಟ್‌ನಲ್ಲಿ ದಿಲ್ಲಿಯ ವಿದೇಶಾಂಗ ಇಲಾಖೆಗೆ ಇದಕ್ಕೆಂದೇ ಒಂದು ಮೊತ್ತ ಇಡುತ್ತಾರೆ. ದೊಡ್ಡ ಕೆಲಸಗಳಿಗೆ, ರೈಲು ಹಳಿ, ವಿದ್ಯುತ್ ತಂತಿ ಇಂಥವಕ್ಕೆ, ಸುಲಭ ಬಡ್ಡಿಯ ಸಾಲ. ಔಷಧಿ, ಧಾನ್ಯ, ಬೀಜ, ತರಬೇತಿ ಇವು ಬಹಳ ಸಲ ಪುಕ್ಕಟೆ. ಬೇಕಾದ ದೇಶ ಅಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಪತ್ರ ಬರೆಯುತ್ತದೆ, ಅದು ದಿಲ್ಲಿಗೆ ಬರುತ್ತದೆ, ಮಂಜೂರಾದರೆ ಒಂದು ಸರ್ಕಾರಿ ಸಂಸ್ಥೆಗೆ ಖರೀದಿಯ ಜವಾಬ್ದಾರಿ ಒಪ್ಪಿಸುತ್ತಾರೆ. ಅದು ಟೆಂಡರ್ ಕರೆದು ನಮ್ಮ ದೇಶದಲ್ಲೇ ಕೊಳ್ಳುತ್ತದೆ. ಬೀಜದ ಮಟ್ಟಿಗೆ ಹೇಳುವುದಾದರೆ ಹಣ ದೇಶ ಬಿಟ್ಟು ಹೋಗುವುದೇ ಇಲ್ಲ, ಸರಕು ಹೋಗುತ್ತದೆ. ಹಡಗು ಹತ್ತುವ ಮೊದಲು ನನ್ನಂಥ ಮೂರನೆಯವರೊಬ್ಬರು ನೋಡಿ, ಸರಿಯಿದೆ ಎಂದು ಸಹಿ ಮಾಡಬೇಕು.

ಇದನ್ನೆಲ್ಲ ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ. "ನಮ್ಮಲ್ಲೆ ಎಲ್ಲಾರಿಗೂ ಮುಟ್ಟೇತೇನ, ಹೊರಗಿನವ್ರಿಗೆ ಕೊಡಾಕ?"

"ನಾಳೆ ಅವರು ನಮ್ಮ ಪರ ನಿಂದರ್ಲಿ, ನಮ್ಮ ಮಾಲು ಕೊಳ್ಳಲಿ ಅಂತ ಕೊಡತಾರವ್ವ."

"ಆಯೇರಿ ಮಾಡಿದಂಗ ಅನ್ನು. ನಮ್ಮನಿ ಲಗ್ನಕ್ಕ ಅವ್ರೂ ಬರ್ಲಿ ಅಂತ." ಮತ್ತೆ ಹೇಳಿದಳು. "ಆಯೇರಿಗೆ ಹರಕ ಸೀರಿ ಒಯ್ದ್ರ ಮಾನ ಹೋಗೂದು ಒಯ್ದಾವ್ರದ."

ಆಫ್ರಿಕಾದ ಒಂದು ದೇಶಕ್ಕೆ ಹೋಗುವ ಟೊಮೆಟೊ ಬೀಜದ ಸರಬರಾಜುದಾರರ ಪಟ್ಟಿಯಲ್ಲಿ ಸಾಹುಕಾರನ ಕಂಪನಿ ಇತ್ತು. ಅವನೀಗ ಯಾರ ಪರವಾಗಿಯೂ ಅಲ್ಲ, ತನ್ನದೇ ಬೋರ್ಡು ಹಾಕಿಕೊಂಡಿದ್ದ. ತಪಾಸಣೆಗೆ ಹೋಗುವ ಮುನ್ನ ನಾವು ಒಂದು ಹಾಳೆಗೆ ಸಹಿ ಹಾಕಬೇಕು, ಸರಬರಾಜುದಾರರು ನನ್ನ ಸಂಬಂಧಿಕರಲ್ಲ, ಅವರಲ್ಲಿ ನನ್ನ ಪಾಲಿಲ್ಲ ಎಂದು. ಹಾಕಿದೆ. ಎರಡೂ ಸತ್ಯ. ದ್ವೇಷವಿದೆಯೇ ಎಂದು ಹಾಳೆ ಕೇಳಿರಲಿಲ್ಲ. ನಾನೂ ಹೇಳಲಿಲ್ಲ.

ಗೋದಾಮಿನಲ್ಲಿ ಬಟ್ಟೆಯ ಚೀಲಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಬಾವುಟದ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ, ಭಾರತದ ಜನತೆಯ ಕೊಡುಗೆ. ನಿಯಮದಂತೆ ಕೆಲವು ಚೀಲಗಳಿಂದ ಮಾದರಿ ತೆಗೆದರೆ ಸಾಕು. ಅನುಮಾನವಿದ್ದರೆ ಎಲ್ಲವನ್ನೂ ಬಿಚ್ಚಿಸುವ ಹಕ್ಕು ನನ್ನದು. ಎಲ್ಲವನ್ನೂ ಬಿಚ್ಚಿಸಿದೆ, ಆಳುಗಳ ಎದುರಿಗೆ, ಅವನ ಕೈಯಿಂದಲೇ.

"ಅಷ್ಟೂ ಯಾಕ್ರಿ ಮೇಡಮ್ಮಾರ? ಹಿಂದಿನ ಸಾಹೇಬ್ರು ನಾಕ ಚೀಲ ನೋಡಿ ಹೋಗ್ತಿದ್ರು."

"ಅವರಿಗೆ ಕೆಲಸ ಬಾಳ ಇತ್ತೇನೋ. ನನಗ ಇವತ್ತ ಇದೊಂದ. ಬಿಚ್ಚರಿ."

ಬಿಚ್ಚಿದ. ಹೊಟ್ಟೆಯವನು, ಬಗ್ಗಿ ಬಗ್ಗಿ ಏದುಸಿರು ಬಿಟ್ಟ. ನಾನು ನಿಧಾನ ಮಾಡಿದೆ. ಒಂದೊಂದು ಚೀಲದ ಚೀಟಿಯನ್ನೂ ಎರಡೆರಡು ಸಲ ಓದಿದೆ. ಅಗತ್ಯವಿರಲಿಲ್ಲ.

ಮಾದರಿ ಬೀಜವನ್ನು ಪ್ರಯೋಗಾಲಯದಲ್ಲಿ ತಟ್ಟೆಗಳಲ್ಲಿ ಬಿತ್ತಿದೆವು. ಆ ತಳಿಯಲ್ಲಿ ಕಲಬೆರಕೆ ಹಿಡಿಯುವುದು ಸುಲಭ. ಸರಿಯಾಗಿ ಕ್ರಾಸ್ ಆದ ಬೀಜದ ಸಸಿಗೆ ಎಳೆಯದರಲ್ಲೇ ಕಾಂಡ ನೇರಳೆ ಬಣ್ಣ. ಕ್ರಾಸ್ ಆಗದೆ ತಾನೇ ಕಟ್ಟಿದ್ದರೆ ಕಾಂಡ ಹಸಿರು. ನೂರಕ್ಕೆ ಇಷ್ಟು ಹಸಿರನ್ನು ಸಹಿಸಬಹುದು ಎಂಬ ಮಿತಿ ಇದೆ, ಅದನ್ನು ದಾಟಿದರೆ ಆ ಚೀಲಗಳು ತಿರಸ್ಕೃತ.

ಬೀಜ ಮೊಳೆತು ಕಾಂಡ ಬಣ್ಣ ತೋರುವವರೆಗಿನ ದಿನಗಳಲ್ಲಿ ನಾನು ಹಸಿರಿಗಾಗಿ ದೇವರನ್ನು ಕೇಳಿಕೊಂಡೆ. ಓದಿದವಳು, ವಿಜ್ಞಾನದ ಪದವಿಯವಳು, ಪರದೇಶದ ರೈತನ ಹೊಲ ಹಾಳು ಮಾಡುವ ಬೀಜ ಈ ಚೀಲದಲ್ಲಿರಲಿ ಎಂದು ಬೇಡಿಕೊಂಡೆ. ಹಾಗಾಗಿ ಎಣಿಸುವ ದಿನ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಮಸುಕು ಬಣ್ಣದ ಸಸಿಗಳು ಕೆಲವಿದ್ದವು, ಅವನ್ನೆಲ್ಲ ಅವನ ಲಾಭಕ್ಕೇ ಬಿಟ್ಟೆ, ನೇರಳೆ ಎಂದೇ ಬರೆದೆ. ಮೂರು ಸಲ ಎಣಿಸಿದೆ. ಆಮೇಲೆ ಯಾರ ಬೀಜವೆಂದು ತಿಳಿಯದ ಪ್ರಯೋಗಾಲಯದ ಸಹಾಯಕಿಯಿಂದ ಬೇರೆಯಾಗಿ ಎಣಿಕೆ ಮಾಡಿಸಿದೆ. ಇಬ್ಬರ ಲೆಕ್ಕವೂ ಮಿತಿಯನ್ನು ಚೆನ್ನಾಗಿಯೇ ದಾಟಿತ್ತು. ತಟ್ಟೆಯ ತುಂಬ ಅಲ್ಲಲ್ಲಿ ಹಸಿರು ಕಾಂಡ. ನಾನು ಬಾಗಿಲು ಹಾಕಿಕೊಂಡು ನಕ್ಕೆ.

ಮರುದಿನ ಐರಣಿ ಕಡೆಯ ಅವನ ಹೊಲಕ್ಕೆ ಹೋದೆ. ಕೊನೆಯ ಕೆಲವು ಕೊಯ್ಲು ಬಾಕಿ ಇದ್ದವು. ಗುರುತಿದ್ದ ಹಣ್ಣುಗಳಲ್ಲಿ ಹತ್ತನ್ನು ಕಿತ್ತು ಡಬ್ಬಿಗೆ ಹಾಕಿ ಹಾವೇರಿಯ ಮನೆಗೆ ತಂದೆ. ಎಲ್ಲಿಯದೆಂದು ಹೇಳದೆ ಅವ್ವನ ಮುಂದಿಟ್ಟೆ. ಅವಳು ಕನ್ನಡಕ ಹುಡುಕಲಿಲ್ಲ. ಎಡಗೈ ಹೆಬ್ಬೆರಳಿನಿಂದ ಒಂದೊಂದರ ತೊಟ್ಟು ಸವರಿ ಎರಡು ಗುಂಪು ಮಾಡಿದಳು.

"ಇವು ಆರು ಖರೇ. ಹೂವಿದ್ದಾಗ ಚಿವುಟ್ಯಾರ, ತುದಿ ದುಂಡಗ ಮಾದೈತಿ, ಒಣಗಿ ಗಟ್ಟಿ ಆಗೇತಿ. ಇವು ನಾಕು ಮೊನ್ನಿ ಹರದದ್ದು. ನೋಡು, ನಾರ ಹಂಗ ಐತಿ, ಕೈಗೆ ಚುಚ್ಚತೈತಿ." ಆಮೇಲೆ ನನ್ನ ಮುಖ ನೋಡಿದಳು. "ಅಂವಂದೇನು?"

"ಹೂಂ."

"ಚಾಳಿ ಬಿಟ್ಟಿಲ್ಲ ಸುಡಗಾಡ," ಎಂದಳು.

ವರದಿಯಲ್ಲಿ ಸಸಿಗಳ ಲೆಕ್ಕದ ಕೆಳಗೆ ಅವ್ವನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಬರೆದೆ, 'ಅನುಭವಿ ಕೆಲಸಗಾರ್ತಿಯೊಬ್ಬರ ಪ್ರಕಾರ' ಎಂದು. ಹದಿನೆಂಟು ವರ್ಷದ ಹಿಂದೆ ಬದುವಿನ ಮೇಲೆ ನಗೆಗೀಡಾದ ಮಾತು ಕಾಗದದ ಮೇಲೆ ಬಂತು. ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ಅದು ಹಾಗೇ ದಿಲ್ಲಿಯ ಕಡತ ಸೇರಬೇಕು, ಯಾರೂ ಅದನ್ನು ಹೊಡೆದು ಹಾಕಬಾರದು. ಸಾಹುಕಾರನಿಗೆ ಹೋದದ್ದು ಒಂದು ಸಾಲಿನ ಫಲಿತಾಂಶ ಮಾತ್ರ. ತಿರಸ್ಕೃತ, ಬದಲಿ ಬೀಜ ಕೊಡತಕ್ಕದ್ದು.

ಅವನು ಹಾವೇರಿಯ ಕಚೇರಿಗೆ ಬಂದ. ಎದುರಿನ ಬೆಂಚಿನ ಮೇಲೆ ಕುಳಿತು ಮೊದಲು ಹೆಂಗಸರನ್ನು ಬೈದ.

"ಏನ್ ಮಾಡೂದ್ರಿ, ಕೂಲಿ ಹೆಣ್ಮಕ್ಕಳು. ಕಣ್ಣ ತಪ್ಪಿಸಿ ಗುರ್ತಿಲ್ಲದ ಹಣ್ಣ ಹಾಕಿಬಿಡತಾರ. ಒಬ್ಬಾಕಿ ಅದಾಳ, ಅಕಿದ ಕೆಲಸ ಅಂತ ಬರದು ಕೊಡ್ಲೇನು?"

"ಈ ವರ್ಷ ಯಾರ ಪಾಳಿ?" ಎಂದೆ.

ಅವನು ಟವೆಲ್ ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಮಾತಿನ ವರಸೆ ಬದಲಾಯಿತು.

"ನಾ ಮೊದಲನೇ ದಿನಾನ ನಿನ್ನ ಗುರ್ತ ಹಿಡದೇನಿ. ಎಡಗೈಲೆ ಬರಿಯಾಕತ್ತಿದ್ದಿ. ನಿಮ್ಮವ್ವನೂ ಎಡಚಿ. ಕೆಲಸದಾಗ ಚುರುಕ ಇದ್ಲು, ಖರೇ ಹೇಳ್ಬೇಕಂದ್ರ. ಆಗಿದ್ದು ಆಗಿ ಹೋತು. ನಮ್ಮ ಕಂಪನಿ ಕಾರ್ಯಕ್ರಮಕ್ಕ ಕರಸ್ತೇನಿ, ಶಾಲು ಹೊದಿಸಿ ಸನ್ಮಾನ ಮಾಡ್ತೇನಿ. ನೀ ಮತ್ತೊಮ್ಮೆ ಟೆಸ್ಟ್ ಮಾಡೇನಿ, ಪಾಸಾಗೇತಿ ಅಂತ ಬರಿ."

"ಸನ್ಮಾನಕ್ಕ ಹಣ್ಣಿನ ಬುಟ್ಟಿ ಇರತೈತೇನ್ರಿ?"

"ಇರೂದ."

"ಅದರಾಗ ಟಮಾಟಿ ಎಷ್ಟ ಇಡತೀರಿ? ನಾಕೇನು?"

ಅವನ ಮುಖ ಕಪ್ಪಾಯಿತು. ಎದ್ದು ನಿಂತ. "ದಿಲ್ಲಿಗೆ ಬರೀತೇನಿ. ಹಳೇ ಸಿಟ್ಟಿಗೆ ಮಾಲು ಫೇಲ್ ಮಾಡ್ಯಾಳ ಅಂತ. ನಿನ್ನ ರಿಪೋರ್ಟಿಗೆ ಮೂರ ಕಾಸಿನ ಕಿಮ್ಮತ್ತ ಇರೂದಿಲ್ಲ ಆಮ್ಯಾಲೆ."

"ಬರೀರಿ. ವಿಳಾಸ ಬೇಕೇನು?" ಎಂದೆ.

ಬಾಯಿ ಗಟ್ಟಿ ಮಾಡಿದೆ, ಆದರೆ ಅವನು ಹೋದ ಮೇಲೆ ವರದಿಯ ಪ್ರತಿ ತೆಗೆದು ಮತ್ತೆ ಓದಿದೆ. ಅವನು ಹೇಳಿದ್ದು ಸರಿಯಾಗಿತ್ತು. ದ್ವೇಷವಿದ್ದವಳ ಲೆಕ್ಕವನ್ನು ಯಾರು ನಂಬುತ್ತಾರೆ? ಲೆಕ್ಕ ಬಿದ್ದರೆ ಅದರ ಕೆಳಗೆ ಬರೆದ ಅವ್ವನ ಮಾತೂ ಬೀಳುತ್ತದೆ. ಎರಡನೇ ಸಲ ಅವಳು ಸುಳ್ಳಿಯಾಗುತ್ತಾಳೆ, ಅದೂ ನನ್ನ ಕೈಯಿಂದ.

ಅವನ ಪತ್ರಕ್ಕಿಂತ ಮೊದಲು ನನ್ನ ಪತ್ರ ಹೋಗಬೇಕೆಂದು ಆ ಮಧ್ಯಾಹ್ನವೇ ಮುಖ್ಯ ಕಚೇರಿಗೆ ಬರೆದೆ. ಈ ಮನುಷ್ಯ ನನ್ನ ತಾಯಿಗೆ ಅನ್ಯಾಯ ಮಾಡಿದವನು. ವರದಿಯಲ್ಲಿರುವ ಅನುಭವಿ ಕೆಲಸಗಾರ್ತಿ ಅವಳೇ. ನನಗೆ ಇವನ ಮೇಲೆ ದ್ವೇಷವಿದೆ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನನ್ನದು. ಮೊಹರು ಹಾಕಿಟ್ಟ ಮಾದರಿ ಬೀಜ ಇನ್ನೂ ಉಳಿದಿದೆ, ಬೇರೆಯವರನ್ನು ಕಳಿಸಿ ಬಿತ್ತಿಸಿ, ಎಣಿಕೆ ಮಾಡಿಸಿ, ಹೊಲವನ್ನೂ ನೋಡಿಸಿ. ಬರೆದದ್ದು ಇಷ್ಟೇ. ಕ್ಷಮೆಯ ಮಾತು ಸೇರಿಸಲು ಮನಸ್ಸು ಬರಲಿಲ್ಲ.

ನನ್ನನ್ನು ಆ ಕೆಲಸದಿಂದ ತೆಗೆದರು. ನೆರವಿನ ಸರಕು ಯಾವುದನ್ನೂ ಇನ್ನು ಮುಂದೆ ನೋಡಕೂಡದು ಎಂಬ ಆದೇಶ ಬಂತು. ಬೇರೆ ಕಚೇರಿಯಿಂದ ಹಿರಿಯರೊಬ್ಬರು ಬಂದರು, ಮೈಸೂರು ಕಡೆಯವರು. ಉಳಿದ ಬೀಜವನ್ನು ಮತ್ತೆ ಬಿತ್ತಿ ತಾವೇ ಎಣಿಸಿದರು. ನನಗೆ ಲೆಕ್ಕ ಹೇಳಲಿಲ್ಲ. ಹೇಳಿದ್ದು ಇಷ್ಟೇ, "ಎಸಳಿನ ವಿಷಯ ಹೇಳಿದ ಅಮ್ಮನನ್ನ ನಾಳೆ ಬೆಳಿಗ್ಗೆ ಹೊಲಕ್ಕೆ ಕರ್ಕೊಂಡು ಬನ್ನಿ. ನೀವು ಮಾತ್ರ ಹೊಲದೊಳಗೆ ಬರೋ ಹಾಗಿಲ್ಲ. ರಸ್ತೆಯಲ್ಲೇ ಇರಬೇಕು."

ಬರುತ್ತೀಯಾ ಎಂದು ಕೇಳಿದರೆ ಅವ್ವ ಅಂದಳು, "ಬರದ ಏನ್ ಮಾಡ್ಲಿ? ಇಷ್ಟ ವರ್ಷ ಯಾರಾರ ಕೇಳಿದ್ರೇನು?" ಹೊಸ ಸೀರೆ ಉಟ್ಟಳು.

ಹಿರಿಯರು ಸಾಹುಕಾರನಿಗೆ ಮುಂಚೆ ತಿಳಿಸಿರಲಿಲ್ಲ. ಬದಲಿ ಬೀಜ ಕೊಡುವ ಅವಸರದಲ್ಲಿ ಅವನ ಜನ ಮೊದಲಿಗಿಂತ ಹೆಚ್ಚು ಹಣ್ಣಿನ ಎಸಳು ಹರಿದಿದ್ದರು. ಎಸಳಿನ ಮಾತು ವರದಿಯಲ್ಲಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ತಿಳಿದದ್ದು ಜಗಳವೆಲ್ಲ ಸಸಿಯ ಲೆಕ್ಕದ ಮೇಲೆ ಎಂದು.

ನಾನು ರಸ್ತೆಯ ಮೇಲೆ ಸ್ಕೂಟಿಗೆ ಒರಗಿ ನಿಂತೆ. ಅವ್ವ ಹಿರಿಯರ ಜೊತೆ ಸಾಲಿನೊಳಗೆ ಬಗ್ಗಿ ನಡೆದಳು. ಗಾಳಿ ಈ ಕಡೆ ಬೀಸಿದಾಗ ಮಾತು ಕೇಳುತ್ತಿತ್ತು.

"ಹೇಗೆ ಗೊತ್ತಾಗತ್ತಮ್ಮ ನಿಮಗೆ?"

"ಕೈ ಕೊಡ್ರಿ ಇಲ್ಲೆ. ಇದನ್ನ ಮುಟ್ಟರಿ. ಈಗ ಇದನ್ನ ಮುಟ್ಟರಿ. ಹಳೇ ಗಾಯಕ್ಕೂ ಹೊಸಾ ಗಾಯಕ್ಕೂ ಫರಕ ಗೊತ್ತಾಗೂದಿಲ್ಲೇನ್ರಿ?"

ಅಷ್ಟರಲ್ಲಿ ಸುದ್ದಿ ತಿಳಿದು ಸಾಹುಕಾರನ ಕಾರು ಬಂತು. ನನ್ನನ್ನು ದಾಟಿ ಬದುವಿನವರೆಗೆ ಹೋಗಿ ನಿಂತಿತು, ಅವನು ಹೊಲಕ್ಕೆ ಇಳಿದ. ಕೊಯ್ಲಿಗೆ ಬಂದ ಹೆಂಗಸರು ಬದುವಿನ ಮೇಲೆ ನಿಂತು ನೋಡುತ್ತಿದ್ದರು, ಅವತ್ತು ನಕ್ಕವರಲ್ಲಿ ಇಬ್ಬರು ಅಲ್ಲಿದ್ದರು. ಈ ಸಲ ಬುಟ್ಟಿ ತರಿಸಿದರು. ಅವ್ವ ಅದರ ಮುಂದೆ ಕುಳಿತು ಆರಿಸಿದಳು. ಹಿರಿಯರು ಒಂದೊಂದರ ಎಸಳನ್ನೂ ಕತ್ತರಿಸಿ, ಭೂತಗನ್ನಡಿ ಹಿಡಿದು ನೋಡಿ, ಬರೆದುಕೊಂಡರು. ಆಮೇಲೆ ಬರೆದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಪೂರ್ತಿ ಕೇಳಿಸಲಿಲ್ಲ. ಅವ್ವನ ಹೆಸರು ಕೇಳಿಸಿತು, ಹೆಸರಿನ ಮುಂದೆ ಶ್ರೀಮತಿ ಎಂದಿದ್ದು ಕೇಳಿಸಿತು. ಕಾರಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು, ಅವಳ ಸಹಿಯ ಕೆಳಗೆ ಸಾಹುಕಾರನೂ ಸಹಿ ಮಾಡಬೇಕೆಂದರು. ಅವನ ಬೆನ್ನು ನನ್ನ ಕಡೆಗಿತ್ತು. ಮುಖ ಕಾಣಲಿಲ್ಲ. ಆ ಒಂದು ಗಳಿಗೆಗಾಗಿ ನಾನು ಬದುಕಿದ್ದೆ, ಅದನ್ನು ಬೆನ್ನಿನ ಕಡೆಯಿಂದ ನೋಡಬೇಕಾಯಿತು.

ಆ ಬೀಜವನ್ನು ಯಾರೂ ಮಾರದಂತೆ, ಬಿತ್ತದಂತೆ ಕೆಂಪು ಬಣ್ಣ ಕಲಸಿ ಹಾಳು ಮಾಡಿದರೆಂದು, ಇನ್ನು ಕೆಲವು ವರ್ಷ ಅವನು ಇಂಥ ಟೆಂಡರಿಗೆ ಬರುವಂತಿಲ್ಲವೆಂದು, ಆಫ್ರಿಕಾಕ್ಕೆ ಬೇರೊಬ್ಬರ ಬೀಜ ಹೋಯಿತೆಂದು ಆಮೇಲೆ ತಿಳಿಯಿತು. ನನಗೆ ಕನಿಕರ ಬರಲಿಲ್ಲ. ಬಂದೀತೆಂದು ಕಾದೆ ಕೂಡ.

ಅವತ್ತು ಹೊಲದಿಂದ ಬಂದು ಅವ್ವ ಸ್ಕೂಟಿಯ ಹಿಂದೆ ಕುಳಿತಳು. ಮೇಡ್ಲೇರಿ ದಾಟುವವರೆಗೆ ತಡೆದುಕೊಂಡೆ, ಆಮೇಲೆ ಕೇಳಿದೆ. "ಸಹಿ ಮಾಡುವಾಗ ಹೆಂಗಿದ್ದ?"

"ಅಂವನ ಕೈಯಾಗಿಂದ ಎರಡ ಸಲ ಪೆನ್ನ ಬಿತ್ತು, ನನ್ನ ಕಾಲ ಬುಡಕ್ಕ."

"ಮತ್ತ?"

"ನಾ ಎತ್ತಿ ಕೊಡಲಿಲ್ಲ."